ಬೀಗವಿಲ್ಲದ ಕೀಲಿಕೈಗಳು

ಇಂಗ್ಲೆಂಡಿನ ಅಂತರ್ಯುದ್ಧವೆಂದರೆ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದನೆಯ ಚಾರ್ಲ್ಸನ ಶಿರಚ್ಛೇದ, ಕ್ರಾಮ್‌ವೆಲ್ಲನ ಏಳಿಗೆ, ಅಷ್ಟೇ. ನಾನೂ ಅಷ್ಟನ್ನೇ ಪಾಠ ಹೇಳಿ ಮುಗಿಸುತ್ತಿದ್ದೆ. ಆ ಯುದ್ಧ ಒಂದು ಮನೆಯ ಬಾಗಿಲಿಗೆ ಬಂದಾಗ ಏನಾಯಿತೆಂಬುದನ್ನು ಅರಿತದ್ದು ಕಾರ್ಫ್ ಕೋಟೆಯ ವೃತ್ತಾಂತವನ್ನು ಓದಿದ ಮೇಲೆ.

ಡಾರ್ಸೆಟ್ ಸೀಮೆಯ ಪರ್ಬೆಕ್ ಬೆಟ್ಟಸಾಲಿನ ಕಂಡಿಯೊಂದನ್ನು ಕಾಯುವಂತೆ ಗುಡ್ಡದ ಮೇಲೆ ನಿಂತಿದೆ ಈ ಕೋಟೆ. ಕಟ್ಟಲಾರಂಭಿಸಿದವನು ವಿಜಯಿ ವಿಲಿಯಂ. ಸುಮಾರು 21 ಮೀಟರ್ ಎತ್ತರದ ಕಲ್ಲುಗೋಪುರ ಎದ್ದುದು 12ನೆಯ ಶತಮಾನದ ಆದಿಯಲ್ಲಿ, ಅವನ ಮಗ ಒಂದನೆಯ ಹೆನ್ರಿಯ ಕಾಲದಲ್ಲಿ. ಜಾನ್ ದೊರೆಗೆ ಇದು ಅರಮನೆಯೂ ಹೌದು, ಸೆರೆಮನೆಯೂ ಹೌದು. ಅವನ ಕೈಸೆರೆಯಾದ 22 ಯೋಧರು ಇಲ್ಲಿ ಅನ್ನವಿಲ್ಲದೆ ಸತ್ತರೆಂದು ಹಳೆಯ ಬರಹಗಳು ಹೇಳುತ್ತವೆ.

1630ರ ದಶಕದಲ್ಲಿ ಕೋಟೆಯನ್ನು ಕೊಂಡವನು ಸರ್ ಜಾನ್ ಬ್ಯಾಂಕ್ಸ್ ಎಂಬ ನ್ಯಾಯವೇತ್ತ. 1642ರಲ್ಲಿ ಯುದ್ಧ ಹೊತ್ತಿದಾಗ ಅವನು ಅರಸನ ಪಕ್ಷದಲ್ಲಿದ್ದ. ಕೋಟೆಯಲ್ಲಿ ಉಳಿದವಳು ಪತ್ನಿ ಮೇರಿ. 1643ರಲ್ಲಿ ಸಂಸತ್ತಿನ ಕಡೆಯ 40 ನಾವಿಕರು ಬಂದು ಫಿರಂಗಿಗಳನ್ನು ಒಪ್ಪಿಸೆಂದರಂತೆ. ಆಗ ಒಳಗಿದ್ದ ಗಂಡಸರು ಕೇವಲ ಐವರು. ಆಕೆ ದಾಸಿಯರನ್ನು ಸೇರಿಸಿಕೊಂಡು ಫಿರಂಗಿಯೊಂದನ್ನು ಏರಿಸಿ ಹಾರಿಸಿಯೇಬಿಟ್ಟಳು! ಅನಂತರ ನೂರಾರು ಸೈನಿಕರ ಮುತ್ತಿಗೆ, ಆರು ವಾರ. ಏಣಿ ಹತ್ತಿದವರ ಮೇಲೆ ಹೆಂಗಸರು ಕಲ್ಲನ್ನೂ ಕೆಂಡವನ್ನೂ ಸುರಿದರು. ಮುತ್ತಿದವರು ಹಿಂದೆಗೆದರು.

1644ರ ಕೊನೆಯಲ್ಲಿ ಪತಿ ತೀರಿಕೊಂಡ. ಮರುವರ್ಷ ಮತ್ತೆ ಮುತ್ತಿಗೆ. ಈ ಬಾರಿ ಸೋಲು ಬಂದದ್ದು ಹೊರಗಿನಿಂದಲ್ಲ. 1646ರ ಫೆಬ್ರವರಿಯಲ್ಲಿ ಪಿಟ್‌ಮನ್ ಎಂಬ ಒಳಗಿನ ಅಧಿಕಾರಿಯೇ, ನೆರವಿಗೆ ಬಂದ ಪಡೆಯೆಂಬ ಸೋಗಿನಲ್ಲಿ ಶತ್ರುಗಳನ್ನು ಒಳಗೆ ಬಿಟ್ಟುಕೊಂಡ. ಓಬವ್ವನ ಕಿಂಡಿಯ ಕಥೆ ಕೇಳಿ ಬೆಳೆದ ನಮಗೆ ಈ ಮನುಷ್ಯನನ್ನು ಕ್ಷಮಿಸುವುದು ಕಷ್ಟವೇ.

ಗೆದ್ದವರು ಆಕೆಯ ಪ್ರಾಣಕ್ಕೆ ಕೈಹಾಕಲಿಲ್ಲ, ಕೋಟೆಯನ್ನು ಬಿಡಲಿಲ್ಲ. ಸಂಸತ್ತಿನ ನಿರ್ಣಯದಂತೆ ಗೋಡೆಗಳ ಬುಡ ತೋಡಿ, ಮದ್ದು ತುಂಬಿ ಸಿಡಿಸಿದರು. ಸ್ಫೋಟಕ್ಕೆ ಕೆಲವು ಬುರುಜುಗಳು ಮುರಿಯದೆ ಇಡಿಯಾಗಿ ಜಾರಿ, ವಾಲಿದ ಸ್ಥಿತಿಯಲ್ಲಿ ಇಂದಿಗೂ ನಿಂತಿವೆ. ಉದುರಿದ ಕಲ್ಲುಗಳು ಕೆಳಗಿನ ಹಳ್ಳಿಯ ಮನೆಗಳ ಗೋಡೆ ಸೇರಿದವು. ಬಡವನಿಗೆ ಕಲ್ಲು ಯಾವ ಪಕ್ಷದ್ದಾದರೇನು?

ಮೇರಿ 1661ರಲ್ಲಿ ತೀರಿಕೊಂಡಳು. ಮಗ ರಾಲ್ಫ್ ಕೋಟೆಯನ್ನು ಮತ್ತೆ ಕಟ್ಟುವ ಗೋಜಿಗೆ ಹೋಗದೆ ಕಿಂಗ್‌ಸ್ಟನ್ ಲೇಸಿಯಲ್ಲಿ ಬೇರೆ ಮನೆ ಕಟ್ಟಿಸಿದ. ಕೋಟೆಯೂ ಆ ಮನೆಯೂ 1980ರ ದಶಕದಲ್ಲಿ ನ್ಯಾಷನಲ್ ಟ್ರಸ್ಟಿನ ವಶಕ್ಕೆ ಬಂದವು. ಕಾರ್ಫಿನ ಕೀಲಿಕೈಗಳು ಇಂದಿಗೂ ಆ ಮನೆಯಲ್ಲಿ ತೂಗುತ್ತಿವೆ.