ಜಮಖಂಡಿ, ಮುಧೋಳ ಸೀಮೆಯಲ್ಲಿ ಮಕ್ಕಳ ರಕ್ಷಣೆಯ ಪಾಠ

ಮಕ್ಕಳನ್ನು ಕಾಯುವ ಕಾನೂನು ಈ ಸೀಮೆಗೆ ಒಮ್ಮೆಲೇ ಬರಲಿಲ್ಲ. 1930ರ ಏಪ್ರಿಲ್ 1ರಂದು ಜಾರಿಯಾದ ಶಾರದಾ ಕಾಯ್ದೆ ಹುಡುಗಿಗೆ 14, ಹುಡುಗನಿಗೆ 18 ವರ್ಷ ತುಂಬದ ಮದುವೆಯನ್ನು ಅಪರಾಧವೆಂದಿತು. ಆದರೆ ಅದು ಬ್ರಿಟಿಷ್ ಭಾರತದ ಕಾಯ್ದೆ. ವಿಜಾಪುರ ಜಿಲ್ಲೆಯ ಬೀಳಗಿ ಅದರೊಳಗಿತ್ತು. ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ, ಸಾಂಗಲಿ ಸಂಸ್ಥಾನದ ರಬಕವಿ ಹೊರಗಿದ್ದವು. ಈ ಗಡಿ ಅಳಿಸಿಹೋದದ್ದು 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆ.

ಕಾನೂನಿಗೆ ಇನ್ನೂ ಕಠಿಣವಾಗಿದ್ದ ಗಡಿ ಮನೆಯ ಹೊಸ್ತಿಲು. ಎಳೆಯ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಬಿಡುವ ಪದ್ಧತಿ ಈ ಭಾಗದಲ್ಲಿ ಆಳವಾಗಿ ಬೇರೂರಿತ್ತು, ಮುತ್ತು ಕಟ್ಟಿಸುತ್ತಿದ್ದವರು ಹೆತ್ತವರೇ. 1982ರ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಇದನ್ನು ಅರಿತಿತ್ತು. ತಂದೆತಾಯಿ, ಪೋಷಕರು ಅಥವಾ ಸಂಬಂಧಿಕರೇ ತಪ್ಪಿತಸ್ಥರಾದರೆ ಅದು ಇತರರಿಗಿಂತ ಹೆಚ್ಚಿನ ಶಿಕ್ಷೆ ವಿಧಿಸಿತು, ಅಂದರೆ 2ರಿಂದ 5 ವರ್ಷಗಳ ಸೆರೆವಾಸ.

ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಿ ಮಾತು ಬೇರೆ. ನೇಕಾರರ ಮನೆಯಲ್ಲಿ ಕಂಡಿಕೆ ಸುತ್ತುವುದು ಮಕ್ಕಳ ಪಾಲಿನ ಕೆಲಸವೆಂದೇ ನಡೆದುಬಂದಿತ್ತು. 1986ರ ಬಾಲಕಾರ್ಮಿಕ ಕಾಯ್ದೆ ನೇಯ್ಗೆಯಲ್ಲಿ 14 ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿದರೂ, ಕುಟುಂಬದವರೇ ಸೇರಿ ನಡೆಸುವ ಕಾರ್ಖಾನೆಗೆ ವಿನಾಯಿತಿ ಕೊಟ್ಟಿತು. ಮನೆಯೇ ಕಾರ್ಖಾನೆಯಾಗಿದ್ದ ಊರಿನಲ್ಲಿ ಆ ವಿನಾಯಿತಿ ಚಿಕ್ಕದಾಗಿರಲಿಲ್ಲ.

ಮನೆಯೊಳಗಿನ ಸಂಕಟವನ್ನು ಮಗು ಹೊರಗಿನವರಿಗೆ ಹೇಳಬೇಕೆಂದರೆ ಹೇಳಬಲ್ಲ ಜಾಗ ಬೇಕು. ಬಹುತೇಕ ಮಕ್ಕಳಿಗೆ ಅದು ಶಾಲೆಯೊಂದೇ. ಆದರೆ ಶಾಲೆಯೂ ಮೊದಲು ತನ್ನನ್ನು ತಿದ್ದಿಕೊಳ್ಳಬೇಕಿತ್ತು: ಬೆತ್ತವನ್ನು ನಿಷೇಧಿಸಿದ್ದು 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್. 2012ರ ನವೆಂಬರ್ 14ರಂದು ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೊ ಕಾಯ್ದೆ ಜಾರಿಯಾಯಿತು. ಅದರ ಪ್ರಕಾರ ಅಂಥ ದೌರ್ಜನ್ಯದ ವಿಷಯ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅದೇ ಅಪರಾಧ. ಶಿಕ್ಷಕರಿಗೆ ಇದು ದೊಡ್ಡ ಬದಲಾವಣೆ. ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ, ಬೇಡ ಎನ್ನುವುದು, ನಂಬಿಕೆಯ ಹಿರಿಯರಿಗೆ ಹೇಳುವುದು ತರಗತಿಯ ಮಾತಾದವು. ಮಕ್ಕಳ ಸಹಾಯವಾಣಿ 1098 ಶಾಲೆಯ ಗೋಡೆಗೇರಿತು.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಆ ಜಾಗವೇ ಇಲ್ಲವಾಯಿತು. ಪಾಠ ಚಂದನ ವಾಹಿನಿಗೆ, ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಕಲಿಸುವ ವಿದ್ಯಾಗಮ ಯೋಜನೆಯ ಗುಡಿ ಕಟ್ಟೆಗೆ, ಮೊಬೈಲಿಗೆ ಸರಿಯಿತು. ಅಪ್ಪನ ಫೋನು ಮಗುವಿನ ಕೈಗೆ ಬಂತು. ಅದರೊಂದಿಗೆ ಅಪರಿಚಿತರ ಸಂದೇಶ, ಫೋಟೊ ಕೇಳುವವರು, ಬೆದರಿಸುವವರು, ಹಣ ಕೀಳುವ ಆಟಗಳು. ಆ ವರ್ಷವೇ ಯುನೆಸ್ಕೊ ಮತ್ತು ಎನ್‌ಸಿಇಆರ್‌ಟಿ ಆನ್‌ಲೈನ್ ಕಲಿಕೆಯ ಸುರಕ್ಷತೆಗೆ ಮಾರ್ಗದರ್ಶಿ ಹೊರತಂದವು. ಮಕ್ಕಳ ಅಶ್ಲೀಲ ಚಿತ್ರ ಹರಡುವುದು ಅದಾಗಲೇ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಸೆಕ್ಷನ್ ಪ್ರಕಾರ ಅಪರಾಧವಾಗಿತ್ತು. ದೂರಿಗೆ 2019ರಲ್ಲಿ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ತೆರೆದಿತ್ತು. ಹಣದ ಮೋಸಕ್ಕೆ 1930 ಸಹಾಯವಾಣಿ ಬಂತು.

ತರಗತಿಯ ಪಾಠದಲ್ಲಿ ಪಾಸ್‌ವರ್ಡ್, ಒಟಿಪಿಗಳ ಗುಟ್ಟು ಕಲಿಸುವುದು ಸುಲಭ. ಫೋಟೊ ಕಳಿಸಿ ಸಿಕ್ಕಿಬಿದ್ದ ಹುಡುಗಿ ಬೈಗುಳಕ್ಕೆ, ಓದು ಬಿಡಿಸಿ ಮದುವೆ ಮಾಡಿಯಾರೆಂಬ ಭಯಕ್ಕೆ ಬಾಯಿ ಮುಚ್ಚದಂತೆ ನೋಡಿಕೊಳ್ಳುವುದೇ ಇಲ್ಲಿನ ಶಿಕ್ಷಕರ ನಿಜವಾದ ಕೆಲಸ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಕಡ್ಡಾಯ ಎನ್ನುತ್ತದೆ. ಅಪ್ಪನ ಫೋನಿನಲ್ಲಿ ಅಪ್ಪನ ಹೆಸರಿನ ಖಾತೆಯನ್ನೇ ಮಗು ಬಳಸುವ ಮನೆಯಲ್ಲಿ ಆ ಒಪ್ಪಿಗೆಯನ್ನೂ ಮಗುವೇ ಒತ್ತಿಬಿಡಬಹುದು.