ತಿಮಿಂಗಿಲದ ಹಿಂಗಾಲು: ಒಂದು ಶೋಧದ ಚರಿತ್ರೆ

ಪ್ರಸ್ತಾವನೆ

ತಿಮಿಂಗಿಲಕ್ಕೆ ಹೊರಗೆ ಕಾಣುವ ಹಿಂಗಾಲಿಲ್ಲ. ಮುಂಗಾಲುಗಳು ಈಜುರೆಕ್ಕೆಗಳಾಗಿ ಉಳಿದಿವೆ. ಹಿಂದಿನ ಭಾಗವೆಲ್ಲ ಬಾಲವೇ. ಆದರೆ ದೇಹವನ್ನು ಬಿಚ್ಚಿ ನೋಡಿದರೆ, ಬೆನ್ನುಮೂಳೆಗೆ ಅಂಟದೆ ಮಾಂಸದ ನಡುವೆ ಹುದುಗಿರುವ ಒಂದು ಜೊತೆ ಮೂಳೆಗಳು ಸಿಗುತ್ತವೆ. ಅವು ಸೊಂಟದ ಮೂಳೆಯ ಉಳಿಕೆ. ಕೆಲವು ಜಾತಿಗಳಲ್ಲಿ ಅದಕ್ಕೆ ಅಂಟಿಕೊಂಡು ತೊಡೆಮೂಳೆಯ ತುಣುಕೂ ಇರುತ್ತದೆ. ಈ ಕಾಲು ಯಾವಾಗ ಕುಗ್ಗಿತು, ಹೇಗೆ ಮರೆಯಾಯಿತು ಎಂಬ ಪ್ರಶ್ನೆಯ ಬೆನ್ನು ಹತ್ತಿ ಅಂಗರಚನಾಶಾಸ್ತ್ರ, ಪಳೆಯುಳಿಕೆ ವಿಜ್ಞಾನ ಮತ್ತು ತಳಿವಿಜ್ಞಾನಗಳು ಒಂದೂವರೆ ಶತಮಾನ ದುಡಿದಿವೆ.

ಆ ದುಡಿಮೆಯ ಮುಖ್ಯ ಘಟ್ಟಗಳನ್ನು ಈ ಲೇಖನ ಪರಿಶೀಲಿಸುತ್ತದೆ. ಇಲ್ಲಿ ನಾನು ಮಂಡಿಸುವ ವಾದ ಇಷ್ಟು: ಈ ಚರಿತ್ರೆಯ ಹಲವು ತಿರುವುಗಳಿಗೆ ಹೊಸ ಉತ್ಖನನ ಎಷ್ಟು ಕಾರಣವೋ, ಹಿಂದಿನವರು ಕೂಡಿಟ್ಟಿದ್ದನ್ನು ಮತ್ತೊಬ್ಬರು ತಾಳ್ಮೆಯಿಂದ ತೆರೆದು ನೋಡಿದ್ದೂ ಅಷ್ಟೇ ಕಾರಣ. ಅದರಲ್ಲಿ ಭಾರತದ ಒಂದು ಸಂಗ್ರಹದ ಪಾಲು ದೊಡ್ಡದು.

ಸ್ಟ್ರದರ್ಸ್ ಕಂಡ ಕೀಲು

ಲಿನೇಯಸ್ 1758ರಲ್ಲಿ ತಿಮಿಂಗಿಲವನ್ನು ಮೀನಿನ ಸಾಲಿನಿಂದ ತೆಗೆದು ಸ್ತನಿಗಳ ಸಾಲಿಗೆ ಸೇರಿಸಿದರು. ಸ್ತನಿಯೆಂದ ಮೇಲೆ ನಾಲ್ಕು ಕಾಲಿನ ಪೂರ್ವಜರಿರಬೇಕು ಎಂಬ ಆಲೋಚನೆ ಬಲಗೊಂಡದ್ದು ಡಾರ್ವಿನ್ನರ 1859ರ ಗ್ರಂಥದ ನಂತರ. ಅಬರ್ಡೀನ್ ವಿಶ್ವವಿದ್ಯಾಲಯದಲ್ಲಿ ಅಂಗರಚನೆಯ ಪ್ರಾಧ್ಯಾಪಕರಾಗಿದ್ದ ಜಾನ್ ಸ್ಟ್ರದರ್ಸ್ 1881ರಲ್ಲಿ ಗ್ರೀನ್‌ಲ್ಯಾಂಡಿನ ರೈಟ್ ತಿಮಿಂಗಿಲದ ಹಿಂಗಾಲಿನ ಉಳಿಕೆಯ ಬಗ್ಗೆ ದೀರ್ಘ ಪ್ರಬಂಧ ಪ್ರಕಟಿಸಿದರು.

ಅವರು ಮೂಳೆಯನ್ನಷ್ಟೇ ಅಳೆದು ಸುಮ್ಮನಾಗಲಿಲ್ಲ. ಸೊಂಟದ ಮೂಳೆಗೂ ತೊಡೆಮೂಳೆಗೂ ನಡುವೆ ನಿಜವಾದ ಕೀಲಿದೆ, ಅದನ್ನು ಬಿಗಿದ ಕಟ್ಟುಗಳಿವೆ, ಸುತ್ತ ಸ್ನಾಯುಗಳಿವೆ, ತೊಡೆಮೂಳೆಯ ಆಚೆ ಮೊಣಕಾಲಿನ ಕೆಳಗಿನ ಮೂಳೆಯ ಉಳಿಕೆಯೂ ಇದೆ ಎಂದು ಒಂದೊಂದನ್ನೂ ಬಿಡಿಸಿ ತೋರಿಸಿದರು. ಚರ್ಮದಾಚೆಗೆ ಒಂದಂಗುಲವೂ ಚಾಚದ ಕಾಲಿಗೆ ಇಷ್ಟು ಪೂರ್ಣವಾದ ಕೀಲು ಯಾಕೆ ಎಂಬುದು ಅವರ ಪ್ರಶ್ನೆಯಾಗಿತ್ತು. ಅದಕ್ಕೆ ಉತ್ತರ ಬರಲು ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಬಂಧುಗಳು ಯಾರು?

ಇಂಗ್ಲೆಂಡಿನ ವಿಲಿಯಂ ಫ್ಲವರ್ 1883ರಲ್ಲೇ ತಿಮಿಂಗಿಲಗಳ ಬೇರು ಗೊರಸುಳ್ಳ ಪ್ರಾಣಿಗಳಲ್ಲಿದೆ ಎಂದು ಊಹಿಸಿದ್ದರು. 1950ರಲ್ಲಿ ಬಾಯ್ಡನ್ ಮತ್ತು ಗೆಮರಾಯ್ ರಕ್ತದ ಪ್ರೋಟೀನುಗಳನ್ನು ಹೋಲಿಸಿ, ತಿಮಿಂಗಿಲ ಸೀಳುಗೊರಸಿನ ಪ್ರಾಣಿಗಳಿಗೆ, ಅಂದರೆ ಹಸು, ಜಿಂಕೆ, ಹಂದಿಗಳ ಗುಂಪಿಗೆ ಹತ್ತಿರವೆಂದರು. ಪಳೆಯುಳಿಕೆ ತಜ್ಞರು ಇದನ್ನು ಸುಲಭವಾಗಿ ಒಪ್ಪಲಿಲ್ಲ. 1966ರಲ್ಲಿ ಲೀ ವಾನ್ ವೇಲನ್ ಹಲ್ಲುಗಳ ಹೋಲಿಕೆಯ ಆಧಾರದ ಮೇಲೆ ಮೆಸೊನಿಕಿಡ್ ಎಂಬ, ನಶಿಸಿಹೋದ ಮಾಂಸಾಹಾರಿ ಗುಂಪೇ ತಿಮಿಂಗಿಲದ ಮೂಲವೆಂದು ಮಂಡಿಸಿದರು. ಮುಂದಿನ ಮೂರು ದಶಕ ಆ ಮತವೇ ನಡೆಯಿತು. 1990ರ ದಶಕದ ಡಿಎನ್ಎ ಅಧ್ಯಯನಗಳು ನೀರಾನೆಯೇ ತಿಮಿಂಗಿಲದ ಅತಿ ಹತ್ತಿರದ ಜೀವಂತ ಬಂಧು ಎಂದಾಗ ಎರಡು ಶಾಸ್ತ್ರಗಳು ಎದುರುಬದುರಾದವು. ವ್ಯಾಜ್ಯ ತೀರಬೇಕಾದರೆ ಆದಿಮ ತಿಮಿಂಗಿಲಗಳ ಹಿಂಗಾಲು ಕೈಗೆ ಸಿಗಬೇಕಿತ್ತು.

ಈಜಿಪ್ಟಿನ ಮರಳಿನಲ್ಲಿ ಪಾದ

ಬ್ಯಾಸಿಲೊಸಾರಸ್ ಎಂಬ ಪುರಾತನ ತಿಮಿಂಗಿಲವನ್ನು 1834ರಲ್ಲಿ ಹೆಸರಿಸಿದ ಅಮೆರಿಕದ ರಿಚರ್ಡ್ ಹಾರ್ಲನ್ ಅದನ್ನು ಸರೀಸೃಪವೆಂದು ತಿಳಿದಿದ್ದರು. ಹಲ್ಲುಗಳನ್ನು ಪರೀಕ್ಷಿಸಿ ಅದು ಸ್ತನಿ ಎಂದು ತೀರ್ಮಾನಿಸಿದವರು ರಿಚರ್ಡ್ ಓವನ್. 1900ರಲ್ಲಿ ಎಫ್. ಎ. ಲೂಕಸ್ ಅಲಬಾಮಾದ ಮಾದರಿಯ ಸೊಂಟದ ಮೂಳೆಯನ್ನು ವಿವರಿಸಿದರು. ಪಾದ ಮಾತ್ರ ಸಿಕ್ಕಿರಲಿಲ್ಲ.

ಅದು ಸಿಕ್ಕಿದ್ದು ಈಜಿಪ್ಟಿನ ವಾದಿ ಅಲ್ ಹಿತಾನ್ ಕಣಿವೆಯಲ್ಲಿ. ಒಂದು ಕಾಲದ ಕಡಲ ತಳ ಇಂದು ಮರಳುಗಾಡಾಗಿರುವ ಈ ಪ್ರದೇಶ 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಫಿಲಿಪ್ ಗಿಂಗರಿಚ್, ಹಾಲಿ ಸ್ಮಿತ್ ಮತ್ತು ಎಲ್ವಿನ್ ಸೈಮನ್ಸ್ 1990ರಲ್ಲಿ ಪ್ರಕಟಿಸಿದ ವರದಿಯಲ್ಲಿ ತೊಡೆಮೂಳೆ, ಮೊಣಕಾಲ ಚಿಪ್ಪು, ಕೆಳಗಾಲಿನ ಮೂಳೆಗಳು, ಬೆರಳುಗಳು ಎಲ್ಲವೂ ಇದ್ದವು. ಸುಮಾರು 15 ಮೀಟರು ಉದ್ದದ ಪ್ರಾಣಿಗೆ ಮನುಷ್ಯನ ಕಾಲಿಗಿಂತಲೂ ಚಿಕ್ಕದಾದ ಕಾಲು! ಸೊಂಟ ಬೆನ್ನುಮೂಳೆಯಿಂದ ಕಳಚಿಕೊಂಡಿದ್ದರಿಂದ ಅದು ಮೈಭಾರ ಹೊರಲಾರದು, ಈಜಲೂ ಸಾಲದು. ಕೂಡುವಾಗ ಸಂಗಾತಿಯನ್ನು ಹಿಡಿದುಕೊಳ್ಳಲು ನೆರವಾಗಿರಬಹುದು ಎಂದು ಸಂಶೋಧಕರು ಸೂಚಿಸಿದರು.

ಹರಡಿನ ಮೂಳೆಯ ಸಾಕ್ಷ್ಯ

ಇದಕ್ಕೂ ಹಿಂದಿನ ಕಥೆ ತೆರೆದದ್ದು ಪಾಕಿಸ್ತಾನದ ಬೆಟ್ಟಗಳಲ್ಲಿ. 1994ರಲ್ಲಿ ಹಾನ್ಸ್ ಥೇವಿಸನ್ ಮತ್ತು ಸಂಗಡಿಗರು ಆಂಬ್ಯುಲೋಸೀಟಸ್ ಎಂಬ, ನಡೆಯಲೂ ಈಜಲೂ ಬಲ್ಲ ತಿಮಿಂಗಿಲವನ್ನು ವರದಿ ಮಾಡಿದರು. ಅದರ ಪಾದ ಬಹಳ ದೊಡ್ಡದು. ಬೆನ್ನನ್ನು ಮೇಲೆ ಕೆಳಗೆ ಬಾಗಿಸುತ್ತ, ಪಾದಗಳಿಂದ ನೀರನ್ನು ಹಿಂದಕ್ಕೆ ತಳ್ಳುತ್ತ ಅದು ಮುಂದೆ ಸಾಗುತ್ತಿತ್ತು. ಅದೇ ವರ್ಷ ಗಿಂಗರಿಚ್ ತಂಡ ವಿವರಿಸಿದ ರೋಡೋಸೀಟಸ್‌ನಲ್ಲಿ ಸೊಂಟದ ಬಳಿಯ ಕಶೇರುಗಳು ಒಂದಕ್ಕೊಂದು ಬೆಸೆಯದೆ ಬಿಡಿಬಿಡಿಯಾಗಿದ್ದವು. ನೆಲದ ಮೇಲೆ ಭಾರ ಹೊರುವ ಬಿಗಿ ಸಡಿಲಗೊಂಡು, ಬೆನ್ನಿನ ಬಳುಕು ಹೆಚ್ಚುತ್ತಿದ್ದುದಕ್ಕೆ ಇದು ಗುರುತು.

ನಿರ್ಣಾಯಕ ಸಾಕ್ಷ್ಯ ಬಂದದ್ದು 2001ರ ಸೆಪ್ಟೆಂಬರಿನಲ್ಲಿ. ಸೀಳುಗೊರಸಿನ ಪ್ರಾಣಿಗಳ ಹಿಂಗಾಲಿನ ಹರಡಿನಲ್ಲಿ ಅಸ್ಟ್ರಾಗಲಸ್ ಎಂಬ ಮೂಳೆಯಿದೆ. ಬಹುತೇಕ ಸ್ತನಿಗಳಲ್ಲಿ ಅದರ ಮೇಲ್ತುದಿ ಮಾತ್ರ ಬಾವಿಯ ರಾಟೆಯ ಹಾಗೆ ನಡುವೆ ತಗ್ಗಾಗಿರುತ್ತದೆ. ಈ ಗುಂಪಿನಲ್ಲಿ ಕೆಳತುದಿಯೂ ಹಾಗೇ. ಎರಡು ರಾಟೆಗಳಿದ್ದಾಗ ಪಾದ ಮುಂದೆ ಹಿಂದೆ ಚೆನ್ನಾಗಿ ಮಡಿಯುತ್ತದೆ, ಪಕ್ಕಕ್ಕೆ ಹೊರಳುವುದು ಕಡಿಮೆ. ಓಡುವ ಪ್ರಾಣಿಗೆ ಬೇಕಾದ ರಚನೆಯಿದು. ಗಿಂಗರಿಚ್ ತಂಡಕ್ಕೆ ಬಲೂಚಿಸ್ತಾನದಲ್ಲಿ ಸಿಕ್ಕ ತಿಮಿಂಗಿಲಗಳಲ್ಲಿ, ಥೇವಿಸನ್ ತಂಡ ಜೋಡಿಸಿದ, ಪಾಕಿಸೀಟಸ್ ಎಂಬ ಆದಿಮ ತಿಮಿಂಗಿಲದ ಬಳಗದ ಅಸ್ಥಿಪಂಜರಗಳಲ್ಲಿ, ಎರಡು ಕಡೆಯೂ ಈ ಜೋಡಿ ರಾಟೆ ಇತ್ತು. ಮೆಸೊನಿಕಿಡ್ ವಾದವನ್ನು ನಂಬಿದ್ದ ಗಿಂಗರಿಚ್ ಆ ಮೂಳೆಯನ್ನು ಕಂಡು ತಮ್ಮ ನಿಲುವನ್ನೇ ಬದಲಿಸಿದರು. ಪುರಾವೆಯ ಮುಂದೆ ವಿದ್ವಾಂಸನೊಬ್ಬ ಹೀಗೆ ಬಾಗುವುದು ಶಾಸ್ತ್ರದ ಘನತೆ ಎಂದೇ ನಾನು ಭಾವಿಸುತ್ತೇನೆ.

ಕಾಲಾಕೋಟ್‌ನ ಕಲ್ಲುಗಳು

ಜಮ್ಮು ಪ್ರಾಂತದ ಕಾಲಾಕೋಟ್ ಬಳಿ ಭಾರತೀಯ ಭೂವಿಜ್ಞಾನಿ ಎ. ರಂಗರಾವ್ ಪಳೆಯುಳಿಕೆಯಿದ್ದ ಕಲ್ಲುಗಳನ್ನು ಸಂಗ್ರಹಿಸಿ, 1971ರಲ್ಲಿ ಇಂಡೋಹಯಸ್ ಎಂಬ ಸೀಳುಗೊರಸಿನ ಪ್ರಾಣಿಯನ್ನು ಹೆಸರಿಸಿದ್ದರು. ಆಗ ಕೈಯಲ್ಲಿದ್ದದ್ದು ಹಲ್ಲು, ದವಡೆಗಳಷ್ಟೇ. ಅವರ ನಿಧನದ ಬಳಿಕವೂ ಎಷ್ಟೋ ಕಲ್ಲುಗಳು ಒಡೆಯದೆ ಉಳಿದವು. ಅವನ್ನು ಕಾಯ್ದುಕೊಂಡವರು ಅವರ ಪತ್ನಿ. ಮುಂದೆ ಅವು ಥೇವಿಸನ್ನರ ಪ್ರಯೋಗಾಲಯ ಸೇರಿದವು. ಅಲ್ಲಿ ಬಿಡಿಸುತ್ತಿದ್ದಾಗ ತಲೆಬುರುಡೆಯೊಂದರ ಕಿವಿಯ ಮೂಳೆ ಮುರಿಯಿತು. ಅದರ ಒಳಗೋಡೆ ತಿಮಿಂಗಿಲಗಳಲ್ಲಿ ಮಾತ್ರ ಕಂಡಿದ್ದ ರೀತಿಯಲ್ಲಿ ದಪ್ಪವಾಗಿತ್ತು.

ಸುನಿಲ್ ಬಾಜಪೇಯಿ ಮತ್ತು ಬಿ. ಎನ್. ತಿವಾರಿ ಅವರನ್ನೂ ಒಳಗೊಂಡ ತಂಡ 2007ರ ಡಿಸೆಂಬರಿನಲ್ಲಿ ಇದನ್ನು ಪ್ರಕಟಿಸಿತು. ಸುಮಾರು 4.8 ಕೋಟಿ ವರ್ಷಗಳ ಹಿಂದಿನ ಈ ಪ್ರಾಣಿಯ ಗಾತ್ರ ಬೆಕ್ಕಿನಷ್ಟು, ಕಾಲುಗಳು ಸಣಕಲು. ಆದರೆ ಕಾಲಿನ ಮೂಳೆಗಳ ಹೊರಪದರ ತೀರ ದಪ್ಪ, ಒಳಟೊಳ್ಳು ಕಿರಿದು. ಆ ತೂಕ ಓಟಕ್ಕೆ ಅಡ್ಡಿ, ನೀರಿನ ತಳದಲ್ಲಿ ಕಾಲೂರಿ ನಡೆಯಲು ಅನುಕೂಲ. ನಮ್ಮ ಪಶ್ಚಿಮಘಟ್ಟಗಳಲ್ಲಿರುವ ಮೌಸ್‌ಡಿಯರ್‌ನ ಆಫ್ರಿಕದ ಬಂಧು ಅಪಾಯ ಕಂಡೊಡನೆ ನೀರಿಗಿಳಿದು ಅಡಗುತ್ತದೆ. ಇಂಡೋಹಯಸ್‌ನ ಬದುಕೂ ಅಂಥದೇ ಇದ್ದಿರಬೇಕೆಂದು ತಂಡ ಊಹಿಸಿತು. ಹಾಗಿದ್ದರೆ ಹಿಂಗಾಲು ಕುಗ್ಗುವುದಕ್ಕೆ ಬಹಳ ಮೊದಲೇ, ಕಾಲು ಕಾಲಾಗಿದ್ದಾಗಲೇ, ನೀರಿನ ನಂಟು ಬೆಳೆದಿತ್ತು.

ಮೊಳೆತು ಅಳಿಯುವ ಅಂಗ

ಡಾಲ್ಫಿನ್ ಭ್ರೂಣದಲ್ಲಿ ಮೊದಲ ವಾರಗಳಲ್ಲಿ ಹಿಂಗಾಲಿನ ಮೊಗ್ಗು ಮೂಡಿ, ಬೆಳೆಯದೆ ಕರಗುತ್ತದೆ. 2006ರಲ್ಲಿ ಥೇವಿಸನ್, ಮಾರ್ಟಿನ್ ಕೋನ್ ಮತ್ತಿತರರು ಚುಕ್ಕೆ ಡಾಲ್ಫಿನ್ನಿನ ಭ್ರೂಣಗಳನ್ನು ಪರೀಕ್ಷಿಸಿದಾಗ ಕಾರಣ ತಿಳಿಯಿತು: ಕಾಲಿನ ಬೆಳವಣಿಗೆಯನ್ನು ನಡೆಸುವ ಸಾನಿಕ್ ಹೆಜ್‌ಹಾಗ್ ಎಂಬ ಜೀನ್ ಆ ಮೊಗ್ಗಿನಲ್ಲಿ ಕೆಲಸ ಮಾಡುವುದೇ ಇಲ್ಲ. ಆದರೆ ಪಳೆಯುಳಿಕೆಯಲ್ಲಿ ಕಾಲು ಲಕ್ಷಾಂತರ ವರ್ಷಗಳುದ್ದಕ್ಕೂ ಕುಗ್ಗುತ್ತ ಬಂದಿದೆ. ಆದ್ದರಿಂದ ಮೊದಲು ಗಾತ್ರ ಇಳಿಯಿತು, ಜೀನ್ ಮೌನವಾದದ್ದು ಕೊನೆಯಲ್ಲಿ ಎಂದು ಅವರು ವಾದಿಸಿದರು.

ಬೆಳವಣಿಗೆಯ ಈ ತಡೆ ಅಪರೂಪಕ್ಕೆ ತಪ್ಪುವುದೂ ಉಂಟು. 1919ರಲ್ಲಿ ಕೆನಡಾದ ವ್ಯಾಂಕೂವರ್ ದ್ವೀಪದ ಬಳಿ ಬೇಟೆಗೆ ಸಿಕ್ಕ ಹೆಣ್ಣು ಹಂಪ್‌ಬ್ಯಾಕ್ ತಿಮಿಂಗಿಲಕ್ಕೆ ಮೀಟರಿಗೂ ಉದ್ದದ ಹಿಂಗಾಲಿನ ಚಾಚುಗಳಿದ್ದವು. ರಾಯ್ ಚಾಪ್‌ಮನ್ ಆಂಡ್ರೂಸ್ 1921ರಲ್ಲಿ ಅದನ್ನು ದಾಖಲಿಸಿದರು. 2006ರಲ್ಲಿ ಜಪಾನಿನ ತೈಜಿಯಲ್ಲಿ ಹಿಡಿದ ಡಾಲ್ಫಿನ್ನಿಗೂ ಹಿಂದೆ ಒಂದು ಜೊತೆ ಹೆಚ್ಚುವರಿ ರೆಕ್ಕೆಗಳಿದ್ದವು.

ಉಳಿದ ಮೂಳೆಯ ಕೆಲಸ

ಸ್ಟ್ರದರ್ಸ್ ಎತ್ತಿದ ಪ್ರಶ್ನೆಗೆ ಒಂದು ಉತ್ತರ 2014ರಲ್ಲಿ ಬಂತು. ಜೇಮ್ಸ್ ಡೈನ್ಸ್ ಮತ್ತು ಸಂಗಡಿಗರು ಸಂಗ್ರಹಾಲಯಗಳಲ್ಲಿದ್ದ ಹಲವು ಜಾತಿಗಳ ಸೊಂಟದ ಮೂಳೆಗಳನ್ನು ಅಳೆದು ಹೋಲಿಸಿದರು. ಗಂಡಿನ ಜನನಾಂಗವನ್ನು ನಿಯಂತ್ರಿಸುವ ಸ್ನಾಯುಗಳು ಅಂಟಿಕೊಂಡಿರುವುದು ಈ ಮೂಳೆಗೇ. ಹೆಣ್ಣಿಗಾಗಿ ಗಂಡುಗಳ ಪೈಪೋಟಿ ಹೆಚ್ಚಿರುವ ಜಾತಿಗಳಲ್ಲಿ ಮೈಗಾತ್ರಕ್ಕೆ ಹೋಲಿಸಿದರೆ ಅದು ದೊಡ್ಡದಾಗಿರುತ್ತದೆ. ನಡೆಯುವ ಕೆಲಸ ಹೋದರೂ ಸಂತಾನದ ಕೆಲಸ ಉಳಿದಿದೆ. ಕುಗ್ಗಿದ ಅಂಗವೆಲ್ಲ ನಿರುಪಯುಕ್ತ ಎಂಬ ಹಳೆಯ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ.

ಸಮಾರೋಪ

ಹಿಂಗಾಲಿನ ಅಳಿವು ಒಂದೇ ಏಟಿಗೆ ಆದದ್ದಲ್ಲ. ಮೊದಲು ಮೂಳೆ ದಪ್ಪಗಾಯಿತು, ಆಮೇಲೆ ಪಾದ ದೋಣಿಯ ಹುಟ್ಟಿನಂತೆ ಕೆಲಸಕ್ಕೆ ಬಂತು, ಸೊಂಟದ ಬೆಸುಗೆ ಬಿಟ್ಟಿತು, ಕಾಲು ಕಿರಿದಾಯಿತು, ಕಡೆಗೆ ಭ್ರೂಣದಲ್ಲೇ ಬೆಳವಣಿಗೆ ನಿಂತಿತು. ಒಂದೊಂದು ಹಂತವನ್ನೂ ಬೇರೆ ಬೇರೆ ಪೀಳಿಗೆಯವರು, ಬೇರೆ ಬೇರೆ ಸಾಧನಗಳಿಂದ ಓದಿದ್ದಾರೆ. ಅವರಿಗೆ ಓದಲು ಏನಾದರೂ ಉಳಿದಿತ್ತು ಎಂಬುದೇ ಇಲ್ಲಿ ಮುಖ್ಯ. ರಂಗರಾವ್ ಅವರ ಕಲ್ಲುಗಳನ್ನು ಬೇಡವೆಂದು ಎಸೆದಿದ್ದರೆ ಇಂಡೋಹಯಸ್ ಹಲ್ಲು ದವಡೆಗಳ ಒಂದು ಹೆಸರಾಗಿಯೇ ಉಳಿಯುತ್ತಿತ್ತು. ನಮ್ಮ ಕಾಲೇಜು, ವಿಶ್ವವಿದ್ಯಾಲಯಗಳ ಭೂವಿಜ್ಞಾನ ಮತ್ತು ಪ್ರಾಣಿಶಾಸ್ತ್ರ ವಿಭಾಗಗಳ ಕಪಾಟುಗಳಲ್ಲಿರುವ ಮಾದರಿಗಳಿಗೆ ಎಲ್ಲಿ, ಯಾವಾಗ, ಯಾರಿಂದ ಸಿಕ್ಕವು ಎಂಬ ಚೀಟಿ ಅಂಟಿಸಿ, ಪಟ್ಟಿ ಮಾಡಿ, ಜೋಪಾನವಾಗಿಡುವುದು ಸಂಶೋಧನೆಯ ಪಕ್ಕದ ಕೆಲಸವಲ್ಲ, ಅದೂ ಸಂಶೋಧನೆಯೇ.