ಕೊಟ್ಟೂರು ಪರಿಸರದ ಪ್ರೌಢಶಾಲೆಗಳಲ್ಲಿ ಭೂಗೋಳ ಬೋಧನೆ: ಒಂದು ಐತಿಹಾಸಿಕ ಅವಲೋಕನ

ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳ ಪ್ರದೇಶವು ಹಿಂದಿನ ಬಳ್ಳಾರಿ ಜಿಲ್ಲೆಯ ಪಶ್ಚಿಮ ಭಾಗ. ಸೊಂಡೂರಿನ ಬೆಟ್ಟಸಾಲು ಇದನ್ನು ಪೂರ್ವದ ಎರೆಭೂಮಿಯಿಂದ ಬೇರ್ಪಡಿಸುತ್ತದೆ. ಮಸಾರಿ ನೆಲ, ಅನಿಶ್ಚಿತ ಮಳೆ, ಕೆರೆಗಳನ್ನು ನೆಚ್ಚಿದ ಬೇಸಾಯ ಇಲ್ಲಿನ ಬದುಕನ್ನು ರೂಪಿಸಿವೆ. ಇಂತಹ ನೆಲದ ಮಕ್ಕಳಿಗೆ ಭೂಗೋಳವು ಯಾವ ರೂಪದಲ್ಲಿ ತಲುಪಿತು ಎಂಬುದು ಈ ಭಾಗದ ಶಿಕ್ಷಣ ಚರಿತ್ರೆಯಲ್ಲಿ ವಿಚಾರಾರ್ಹವಾದ ಪ್ರಶ್ನೆ.

1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ಸೀಮೆಯಾಗಿ ಈ ಪ್ರದೇಶ ಕಂಪನಿಯ ವಶಕ್ಕೆ ಬಂದಿತು. ಪ್ರಧಾನ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಹೊಲಹೊಲವನ್ನೂ ಅಳೆಯಿಸಿ ಕಂದಾಯ ನಿಗದಿಪಡಿಸಿದನು. ಮುಂದೆ ಮದರಾಸಿನ ಗವರ್ನರನಾದಾಗ, 1822ರಲ್ಲಿ, ಅವನೇ ಪ್ರಾಂತ್ಯದ ಶಾಲೆಗಳ ಸ್ಥಿತಿಗತಿಯ ವಿಚಾರಣೆಗೂ ಆದೇಶಿಸಿದನು. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಕಳುಹಿಸಿದ ವರದಿಯು ಶಿಕ್ಷಣ ಇತಿಹಾಸಕಾರರಿಗೆ ಸುಪರಿಚಿತ. ಅನಂತಪುರವೂ ಸೇರಿದ್ದ ಅಂದಿನ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು ಇದ್ದರು. ಶಾಲೆಗಳ ಪೈಕಿ 235 ಕನ್ನಡದವು, 226 ತೆಲುಗಿನವು. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ಲೆಕ್ಕ ಕಲಿಯುವುದು, ಕಾವ್ಯ ಪುರಾಣಗಳನ್ನು ಬಾಯಿಪಾಠ ಮಾಡುವುದು ವರದಿಯಲ್ಲಿ ವರ್ಣಿತವಾಗಿವೆ. ಭೂಗೋಳಕ್ಕೆ ಅಲ್ಲಿ ಸ್ಥಾನವಿರಲಿಲ್ಲ. ನೆಲವನ್ನು ಅಳೆಯಿಸಿದವನೇ ಶಾಲೆಗಳನ್ನೂ ಎಣಿಸಿದನು. ಆದರೆ ಆ ಎರಡು ಕಾರ್ಯಗಳು ಒಂದನ್ನೊಂದು ಸಂಧಿಸಲಿಲ್ಲ.

ಅನಂತರದ ಎಂಬತ್ತು ವರ್ಷಗಳಲ್ಲಿ ಈ ನೆಲದ ಕುರಿತ ಜ್ಞಾನ ಬಹಳಷ್ಟು ಬೆಳೆಯಿತು. ಜಾನ್ ಕೆಲ್ಸಲ್‌ನ ಜಿಲ್ಲಾ ಕೈಪಿಡಿ 1872ರಲ್ಲಿ, ರಾಬರ್ಟ್ ಬ್ರೂಸ್ ಫೂಟ್‌ನ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನ ಗ್ರಂಥ 1895ರಲ್ಲಿ, ಡಬ್ಲ್ಯೂ. ಫ್ರಾನ್ಸಿಸ್‌ನ ಗೆಜೆಟಿಯರ್ 1904ರಲ್ಲಿ ಪ್ರಕಟವಾದವು. ಶಿಲೆ, ಮಣ್ಣು, ಕೆರೆ, ಬರಗಾಲಗಳ ಬಗೆಗಿನ ಸಾಮಗ್ರಿ ಇವುಗಳಲ್ಲಿ ಹೇರಳವಾಗಿದೆ. ಇವೆಲ್ಲ ಇಂಗ್ಲಿಷಿನಲ್ಲಿ ಆಡಳಿತಗಾರರಿಗಾಗಿ ರಚಿತವಾದವು ಎಂಬುದನ್ನು ಮರೆಯುವಂತಿಲ್ಲ. ಕೊಟ್ಟೂರಿನ ಹುಡುಗನು ಓದುವ ಪಾಠವಾಗಿ ಅವು ಮಾರ್ಪಡಬೇಕಾಗಿದ್ದ ಕೆಲಸ ಹಾಗೆಯೇ ಉಳಿಯಿತು.

1953ರ ಅಕ್ಟೋಬರ್ 1ರಂದು ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಮೊದಲಾದ ತಾಲ್ಲೂಕುಗಳು ಮೈಸೂರು ರಾಜ್ಯವನ್ನು ಸೇರಿದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಅಲ್ಲಿಯವರೆಗೆ ಮದರಾಸು ಪ್ರಾಂತ್ಯದ ಭೂಪಟದಲ್ಲಿ ತಮ್ಮೂರನ್ನು ಹುಡುಕುತ್ತಿದ್ದ ಮಕ್ಕಳಿಗೆ ಬೇರೊಂದು ಭೂಪಟ ಬಂದಿತು. 1997ರಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಸೇರಿ, ಎರಡು ದಶಕಗಳ ಬಳಿಕ ಬಳ್ಳಾರಿಗೆ ಮರಳಿತು. ಕೊಟ್ಟೂರು ಕೂಡ್ಲಿಗಿಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾಯಿತು. 2021ರಲ್ಲಿ ಇವೆಲ್ಲವೂ ನೂತನ ವಿಜಯನಗರ ಜಿಲ್ಲೆಯಲ್ಲಿ ಸೇರಿದವು. ಗಡಿ ಹಾಗೂ ಹೆಸರುಗಳ ಪಟ್ಟಿಯನ್ನೇ ಭೂಗೋಳವೆಂದು ಬೋಧಿಸಿದಲ್ಲಿ ಆ ಪಾಠ ಎಷ್ಟು ಬೇಗ ಹಳತಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ದೊರೆಯದು.

ಗಡಿಗಳಿಗಿಂತ ಆಳವಾದ ಪಾಠವೊಂದು ತುಂಗಭದ್ರಾ ಜಲಾಶಯದಲ್ಲಿದೆ. 1945ರ ಫೆಬ್ರವರಿ 28ರಂದು ಶಂಕುಸ್ಥಾಪನೆಯಾದ ಈ ಅಣೆಕಟ್ಟು 1953ರ ವೇಳೆಗೆ ನೀರು ಹಿಡಿಯಿತು. ಹಿನ್ನೀರಿನಲ್ಲಿ ನಾರಾಯಣದೇವರಕೆರೆಯೂ ಸೇರಿದಂತೆ ಹಲವು ಊರುಗಳು ಮುಳುಗಿದವು. ಮುಳುಗಡೆಯ ನೋವು ಹಗರಿಬೊಮ್ಮನಹಳ್ಳಿಯ ಸುತ್ತಿನದಾಯಿತು; ಎಡದಂಡೆ, ಬಲದಂಡೆ ಕಾಲುವೆಗಳ ನೀರು ಮಾತ್ರ ಕೊಪ್ಪಳ, ರಾಯಚೂರು, ಬಳ್ಳಾರಿಗಳ ಕಡೆಗೂ ಆಂಧ್ರದ ಸೀಮೆಗೂ ಹರಿಯಿತು. ಇಷ್ಟು ಸಮೀಪದ ನೀರು ಕೊಟ್ಟೂರಿನ ಹೊಲಗಳಿಗೆ ಏಕೆ ಬರಲಿಲ್ಲ ಎಂಬ ಪ್ರಶ್ನೆ ಇಲ್ಲಿನ ರೈತರ ಮನೆಗಳಲ್ಲಿ ಸಹಜವಾದುದು. ರಾಜಕೀಯ ಕಾರಣಗಳನ್ನು ಕುರಿತ ಚರ್ಚೆ ಬೇರೆಯೇ ಇದೆ. ಆದರೆ ಜಲಾಶಯದ ಪೂರ್ಣಮಟ್ಟ 1,633 ಅಡಿ. ಕೊಟ್ಟೂರಿನ ನೆಲ ಅದಕ್ಕಿಂತ ಎತ್ತರದಲ್ಲಿದೆ. ಮೇಲೆತ್ತದ ಹೊರತು ನೀರು ಏರಿ ಬಾರದು. ಸಮೋನ್ನತ ರೇಖೆ ಎಂಬ ಪರಿಭಾಷೆಯನ್ನು ಕಂಠಪಾಠ ಮಾಡಿಸುವ ಬದಲು ಈ ಒಂದು ಪ್ರಶ್ನೆಯನ್ನು ತರಗತಿಗೆ ತಂದರೆ, ಆ ರೇಖೆಯ ಅರ್ಥ ತಾನಾಗಿ ತೆರೆದುಕೊಳ್ಳುತ್ತದೆ.

ಇದಕ್ಕೆ ಪಠ್ಯಕ್ರಮ ನೀಡಿರುವ ಅವಕಾಶವು ಕಿರಿದು. ಪ್ರೌಢಶಾಲೆಯಲ್ಲಿ ಭೂಗೋಳವು ಸ್ವತಂತ್ರ ವಿಷಯವಾಗಿರದೆ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರಗಳೊಂದಿಗೆ ಸಮಾಜ ವಿಜ್ಞಾನದ ಒಂದು ವಿಭಾಗವಾಗಿದೆ. ಎಂಟನೆಯ ತರಗತಿಗೆ ಭೂಮಿ, ಒಂಬತ್ತಕ್ಕೆ ಕರ್ನಾಟಕ, ಹತ್ತಕ್ಕೆ ಭಾರತ ಎಂಬುದು ಸ್ಥೂಲವಾದ ಕ್ರಮ. ತನ್ನ ತಾಲ್ಲೂಕನ್ನು ವಿದ್ಯಾರ್ಥಿಯು ಪ್ರಾಥಮಿಕ ಹಂತದಲ್ಲಿಯೇ ಬಿಟ್ಟು ಬಂದಿರುತ್ತಾನೆ; ಕಾರ್ಯಕಾರಣಗಳನ್ನು ಅರಿಯುವ ವಯಸ್ಸಿಗೆ ಬಂದಾಗ ಅದು ಮತ್ತೆ ಎದುರಾಗುವುದಿಲ್ಲ. ಪದವಿಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳನ್ನು ಓದಿದ ಕಲಾ ಶಿಕ್ಷಕರೂ ಇದನ್ನು ಬೋಧಿಸಬೇಕಾಗುತ್ತದೆ. ಅಂತಹವರು ಭೂಪಟಕ್ಕಿಂತ ಪ್ರಶ್ನೋತ್ತರವನ್ನು ನೆಚ್ಚಿದರೆ ದೋಷವನ್ನು ಅವರ ಮೇಲಷ್ಟೇ ಹೊರಿಸಲಾಗದು. ಹೊರಗಿನ ಬದುಕಿನೊಂದಿಗೆ ಶಾಲೆಯ ಜ್ಞಾನವನ್ನು ಬೆಸೆಯಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸೂಚಿಸಿದ ಮೇಲೂ, ಭಾರತದ ನಕ್ಷೆ ಬರೆದು ಸ್ಥಳ ಗುರುತಿಸುವ ಪರೀಕ್ಷಾ ಪ್ರಶ್ನೆಯೇ ಭೂಪಟದ ಅಭ್ಯಾಸವನ್ನು ಬಹುಮಟ್ಟಿಗೆ ನಿಯಂತ್ರಿಸಿದೆ.

ಹೆಸರುಗಳ ಗೊಂದಲವೂ ಸಣ್ಣದಲ್ಲ. ಹಗರಿ ಎಂದರೆ ಪುಸ್ತಕಗಳಲ್ಲಿ ವೇದಾವತಿ. ಅದು ಬಳ್ಳಾರಿಯ ಪೂರ್ವಭಾಗದಲ್ಲಿ ಹರಿದು ತುಂಗಭದ್ರೆಯನ್ನು ಕೂಡುತ್ತದೆ. ಪಶ್ಚಿಮ ತಾಲ್ಲೂಕುಗಳ ಮಕ್ಕಳು ಬಲ್ಲ ಹಗರಿಯಾದರೋ ಚಿಕ್ಕಹಗರಿ. ಮಳೆಗಾಲದಲ್ಲಿ ತುಂಬಿ, ಬೇಸಿಗೆಯಲ್ಲಿ ಮರಳಷ್ಟೇ ಉಳಿಯುವ ಈ ಹೊಳೆಯನ್ನು ದಾಟಿ ಶಾಲೆಗೆ ಬರುವ ವಿದ್ಯಾರ್ಥಿಯು, ಪುಸ್ತಕದಲ್ಲಿ ಹಗರಿಯ ಹೆಸರು ಓದಿದಾಗ, ತಾನು ದಾಟಿದ್ದು ಅದನ್ನೇ ಎಂದು ಭಾವಿಸುತ್ತಾನೆ.